ನಿಂತ ಕೈ, ನಿಲ್ಲದ ಬಾಸ್

ಶನಿವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಅಣ್ಣ ಕಾಫಿಗೆ ಕಾಯುತ್ತಾ ಕೂತಿದ್ದಾಗ ಮೇಜು ಬಡಿಯಲಿಲ್ಲ. ನಿನಗೆ ಗೊತ್ತಲ್ಲ, ಅವನ ಮುಂದೆ ಮೇಜಿರಲಿ, ಡಬ್ಬಿಯಿರಲಿ, ಅಮ್ಮನ ಬೆನ್ನಿರಲಿ, ಕೈ ಸುಮ್ಮನಿರುವುದಿಲ್ಲ. ಇವತ್ತು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಕವುಚಿಟ್ಟು, ಯಾರೋ ಪರೀಕ್ಷೆಗೆ ಕೂರಿಸಿದ ಹಾಗೆ ಕೂತಿದ್ದ. "ಮೈ ಹುಷಾರಿಲ್ವೇನೋ?" ಅಂತ ಅಮ್ಮ ಕೇಳಿದಳು. "ಏನಿಲ್ಲಮ್ಮ" ಅಂದ, ನನ್ನ ಕಡೆ ನೋಡದೆ. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಗಾಜಿನಂಗಡಿಗೆ ಹೋದ. ಲೋಟ ತೊಳೆದದ್ದು ನೋಡಿ ಅಮ್ಮನಿಗೆ ಇನ್ನೂ ಗಾಬರಿ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನನ್ನಿಂದ "ಹೂಂ", "ಸರಿ", "ಊಟ ಆಯ್ತಾ" ಬಿಟ್ಟರೆ ಬೇರೆ ಏನೂ ಹೊರಡುವುದಿಲ್ಲ ಅಂತ ನೀನೇ ಆಡಿಕೊಳ್ಳುತ್ತಿದ್ದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಎಕ್ಸ್-ರೇ ಕೋಣೆಯ ಕೆಲಸ ಹೇಗಿದೆ? ದಿನವೆಲ್ಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಅಂತ ಹೇಳಿ ಹೇಳಿ ನಿದ್ದೆಯಲ್ಲೂ ಅದನ್ನೇ ಹೇಳುತ್ತೀಯಂತೆ, ನಿನ್ನ ರೂಮಿನವಳು ಹೇಳಿದಳು ಅಂತ ಅಮ್ಮ ನಗುತ್ತಿದ್ದಳು.

ಬುಧವಾರದಿಂದ ನನಗೆ ತಲೆಯೇ ಓಡುತ್ತಿಲ್ಲ ಅಕ್ಕಾ. ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋದೆ. ಆಫೀಸಿನಲ್ಲಿ ಕರಡು ತಿದ್ದುವಾಗ ಒಂದೇ ಪುಟವನ್ನು ಮತ್ತೆ ಮತ್ತೆ ಓದಿ, ಕೊನೆಗೆ ಅದರಲ್ಲಿ ಒಂದು ಸಾಲೇ ಇಲ್ಲ ಅನ್ನುವುದನ್ನು ಕಾಣದೆ ದಾಟಿಸಿಬಿಟ್ಟೆ. ಏನಾಯಿತು ಅಂತ ಹೇಳುತ್ತೇನೆ. ಆದರೆ "ಮೇಡಂ ಹತ್ತಿರ ಏನೇನು ಕಲಿತೆ, ಮೊದಲಿಂದ ಬರಿ" ಅಂತ ನೀನು ಕೇಳಿದ್ದೀಯ. ಅದನ್ನು ಹೇಳದೆ ಇದು ಅರ್ಥವಾಗುವುದಿಲ್ಲ. ಕ್ರಮವಾಗಿ ಬರೆದರೆ ನನ್ನ ತಲೆಯೂ ಸ್ವಲ್ಪ ಹತೋಟಿಗೆ ಬರಬಹುದು.

ವಾದ್ಯದಂಗಡಿಯ ಹಿಂದಿನ ಆ ಪಾಠದ ಕೋಣೆ ಬದಲಾಗಿಲ್ಲ. ಮೇಡಂ ಈಗಲೂ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಾರೆ. ಮೊದಲ ದಿನ ನಾನು ನಿನ್ನ ಹಾಗೆಯೇ ಬಾಸ್ ಗಿಟಾರನ್ನು ಮೊಣಕಾಲಿನ ಹತ್ತಿರಕ್ಕೆ ನೇತುಹಾಕಿಕೊಂಡು ನಿಂತೆ. ನಮ್ಮಂಥ ಅಬ್ಬರದ ಮೆಟಲ್ ಸಂಗೀತದ ಬ್ಯಾಂಡಿನವರು ಹಾಗೆ ತಾನೇ ನಿಲ್ಲುವುದು!

"ಫೋಟೋ ತೆಗೆಸ್ಕೊಳ್ಳೋಕೆ ಬಂದ್ಯಾ, ಕಲಿಯೋಕೆ ಬಂದ್ಯಾ?" ಅಂದರು. "ಅಷ್ಟು ಕೆಳಗೆ ಕಟ್ಕೊಂಡ್ರೆ ಮಣಿಕಟ್ಟು ಮುರಿದ ಕೊಡೆ ಥರ ಮಡಚ್ಕೊಳ್ಳುತ್ತೆ. ನಿನ್ನಕ್ಕನೂ ಹಿಂಗೇ ಬಂದಿದ್ಲು. ಕೂತಾಗ ಎಲ್ಲಿರುತ್ತೋ, ನಿಂತಾಗಲೂ ಅಲ್ಲೇ ಇರಬೇಕು." ಪಟ್ಟಿ ಎಳೆದು ಹೊಟ್ಟೆಯ ಮೇಲಕ್ಕೆ ಏರಿಸಿದರು. ಕನ್ನಡಿಯಲ್ಲಿ ನೋಡಿದರೆ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡವಳ ಹಾಗೆ ಕಾಣುತ್ತಿದ್ದೆ.

ಆಮೇಲೆ ಬಲಗೈ. ತೋರುಬೆರಳು, ನಡುಬೆರಳು, ನಡೆಯುವ ಕಾಲುಗಳ ಹಾಗೆ ಒಂದಾದ ಮೇಲೊಂದು. ಒಂದೇ ಬೆರಳು ಎರಡು ಸಲ ಬಂದರೆ "ಕುಂಟ್ತಾ ಇದ್ದೀಯ" ಅನ್ನುವರು. ತಂತಿಯನ್ನು ಕೀಳಬಾರದು, ಸವರಿಕೊಂಡು ದಾಟಬೇಕು. ದಾಟಿದ ಬೆರಳು ಪಕ್ಕದ ತಂತಿಗೆ ಒರಗಿ ಒಂದು ಕ್ಷಣ ಸುಧಾರಿಸಿಕೊಳ್ಳಬೇಕು. ಎಡಗೈ ಬಾಸಿನ ಕತ್ತಿಗೆ ಅಡ್ಡವಾಗಿರುವ ಫ್ರೆಟ್ಟಿನ ಲೋಹದ ಗೆರೆಯ ಮೇಲಲ್ಲ, ಅದರ ಬೆನ್ನಿಗೇ ಒತ್ತಬೇಕು. ಹಾಗೆ ಒತ್ತಿದರೆ ಅರ್ಧ ಬಲ ಸಾಕು. ನಾನು ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದೆ. "ಬಾಟಲಿ ಮುಚ್ಚಳ ತೆಗೀತಿಲ್ಲ ನೀನು" ಅಂತ ಬೈದರು.

ಕುದುರೆ ಓಟದ ನಡೆ ಬಂದಾಗ ನನಗೆ ಎಲ್ಲಿಲ್ಲದ ಉತ್ಸಾಹ. ಒಂದು ಉದ್ದ, ಎರಡು ಗಿಡ್ಡ: ಧಂ-ತಕ, ಧಂ-ತಕ. ಮೆಟಲ್ ಅಂದರೆ ಇದೇ ಅಂತ ಮೊದಲ ದಿನವೇ ಓಡಿಸಲು ಹೋದೆ. ಮೇಡಂ ತಾಳ ಹಾಕುವ ಮೆಟ್ರೊನೋಮನ್ನು ಎಷ್ಟು ನಿಧಾನ ಮಾಡಿದರೆಂದರೆ, ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ನನಗೆ ಆಕಳಿಕೆ ಬಂತು. "ನಿಧಾನಕ್ಕೆ ನೆಟ್ಟಗೆ ಬರದೇ ಇರೋದು ಜೋರಾಗಿ ನೆಟ್ಟಗೆ ಬರುತ್ತಾ? ತಪ್ಪನ್ನ ಓಡಿಸಿದ್ರೆ ಓಡೋ ತಪ್ಪಾಗುತ್ತೆ, ಅಷ್ಟೆ." ಅಣ್ಣನ ಬಲಗಾಲಿನ ಡ್ರಮ್ ಎಲ್ಲಿ ಬೀಳುತ್ತದೋ ಅಲ್ಲೇ ನನ್ನ ಬೆರಳು ಬೀಳಬೇಕು, ಎರಡು ಸದ್ದು ಕೇಳಬಾರದು, ಒಂದೇ ಕೇಳಬೇಕು ಅಂತ ಹೇಳಿಕೊಟ್ಟರು. ಅಂದಿನಿಂದ ರಿಹರ್ಸಲ್ಲಿನಲ್ಲಿ ಅವನ ಮುಖ ನೋಡುವುದು ಬಿಟ್ಟು ಕಾಲು ನೋಡುತ್ತೇನೆ. ಅವನ ಸಾಕ್ಸಿನ ತೂತುಗಳೆಲ್ಲ ನನಗೆ ಪರಿಚಯ.

ಎಲ್ಲಕ್ಕಿಂತ ಹೆಚ್ಚು ದಿನ ಕಲಿಸಿದ್ದು ಸದ್ದು ನಿಲ್ಲಿಸುವುದನ್ನು. ಆಂಪ್ಲಿಫೈಯರಿನ ದನಿಯನ್ನು ಒರಟು ಮಾಡಿ ಏರಿಸಿದಾಗ, ಮುಟ್ಟದ ತಂತಿಯೂ ತಾನಾಗಿಯೇ ಗುಂಯ್ಗುಡುತ್ತದೆ ತಾನೇ. ಅದಕ್ಕೆ ಹೆಬ್ಬೆರಳನ್ನು ದಪ್ಪ ತಂತಿಯ ಮೇಲೆ ಮಲಗಿಸು, ಎಡಗೈಯ ಖಾಲಿ ಬೆರಳುಗಳನ್ನು ಉಳಿದ ತಂತಿಗಳ ಮೇಲೆ ಹಗುರವಾಗಿ ಹಾಸು. ಎಲ್ಲರೂ ಒಟ್ಟಿಗೆ ನಿಲ್ಲುವ ಜಾಗದಲ್ಲಿ ಎರಡೂ ಕೈ ತಂತಿಯ ಮೇಲೇ ಇರಲಿ. "ನಿನ್ನಕ್ಕನಿಗೆ ಇದೊಂದು ಹೇಳಿ ಹೇಳಿ ಸಾಕಾಯ್ತು. ಚೆನ್ನಾಗಿ ನುಡಿಸ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ನಿಲ್ಲಿಸಿದ ತಕ್ಷಣ ಅವಳ ಎಡಗೈ ಹಕ್ಕಿ ಥರ ಹಾರಿಬಿಡುತ್ತೆ. ಎಲ್ಲಾ ಸುಮ್ಮನಾದ್ರೂ ಅವಳ ದಪ್ಪ ತಂತಿ ಒಂದು ಗಳಿಗೆ ಗುಂಯ್ ಅಂತಾನೇ ಇರುತ್ತೆ." ನನಗೆ ಒಳಗೊಳಗೇ ಹೆಮ್ಮೆ. ನಿನಗಿಂತ ನಾನು ಮುಂದಿರುವ ವಿಷಯ ಇದೊಂದೇ: ಸುಮ್ಮನಿರುವುದು.

ಈಗ ಕಾರ್ಯಕ್ರಮಕ್ಕೆ ಬರುತ್ತೇನೆ. ಹೋದ ಶನಿವಾರ ಸಂಜೆ, ಆ ಹಳೆಯ ಗೋದಾಮಿನ ಹಾಲ್. ನೀನು ಹೋಗಿ, ನಿನ್ನ ಜಾಗದಲ್ಲಿ ನಾನು ಬಾಸ್ ಹಿಡಿದಮೇಲೆ ಬ್ಯಾಂಡಿನ ಮೊದಲ ಕಾರ್ಯಕ್ರಮ. ಗಿಟಾರಿನ ಲಂಬು ಬಾಗಿಲಿಗೆ ತಲೆ ಹೊಡೆಸಿಕೊಂಡೇ ಒಳಗೆ ಬಂದ. ಹಾಡುವ ಗುಡುಗು ಔಷಧಿ ಅಂಗಡಿಯಿಂದ ನೇರ ಬಂದಿದ್ದ. "ಯಾರಾದ್ರೂ ಸ್ವಲ್ಪ ಬಿಸಿನೀರು ಕೊಡ್ತೀರಾ" ಅಂತ ಅವನು ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅದೇ ಮನುಷ್ಯ ಮೈಕಿನ ಮುಂದೆ ಬಾಯಿ ತೆರೆದರೆ ಕಿಟಕಿಗಳು ನಡುಗುತ್ತವೆ, ಅದು ಬೇರೆ ಮಾತು. ಮೇಡಂ ಕೊನೆಯ ಸಾಲಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು.

ಮೊದಲ ಎರಡು ಹಾಡು ಹೇಗಾದವೋ ನನಗೆ ನೆನಪಿಲ್ಲ, ಆದವು. ಮೂರನೆಯದರಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುವ ಜಾಗ ಬಂತು. ದೀಪಗಳೆಲ್ಲ ಆರಿದವು. ಮತ್ತೆ ಒಟ್ಟಿಗೇ ಶುರುವಾಗಬೇಕು. ಧಗ್ಗಂತ ದೀಪ ಹೊತ್ತಿಕೊಂಡಾಗ ಮುಂದಿನ ಸಾಲಿನ ಮುಖಗಳೆಲ್ಲ ಒಮ್ಮೆಗೇ ನನ್ನ ಮೇಲೆ ಬಿದ್ದವು ಅಕ್ಕಾ. ಒಬ್ಬಳು ಹುಡುಗಿ ನನ್ನನ್ನೇ ನೋಡಿ ನಗುತ್ತಿದ್ದಳು. ನನ್ನ ಕೈ ನಿಂತುಹೋಯಿತು. ಅಣ್ಣನ ಕಾಲು ಹೋಗುತ್ತಿದೆ, ಲಂಬುವಿನ ಗಿಟಾರ್ ಹೋಗುತ್ತಿದೆ, ನನ್ನ ಎರಡೂ ಅಂಗೈ ತಂತಿಗಳನ್ನು ಅಪ್ಪಿಕೊಂಡು ಹಾಗೇ ಇವೆ. ಗುಡುಗು ಎರಡು ಸಾಲು ಹಾಡಿ ಮುಗಿಸುವವರೆಗೆ ನಾನು ಒಂದು ಸ್ವರವನ್ನೂ ನುಡಿಸಲಿಲ್ಲ. ಆಮೇಲೆ ಹೇಗೋ ಬೆರಳು ಕದಲಿತು, ಅಣ್ಣನ ಕಾಲು ಹಿಡಿದುಕೊಂಡು ಸೇರಿಕೊಂಡೆ.

ಮುಗಿದಮೇಲೆ ಎಲ್ಲರೂ ಬೆನ್ನು ತಟ್ಟಿದರು. ಯಾರೋ ಗುರುತಿಲ್ಲದವರು ಬಂದು "ಬಾಸ್ ಅದ್ಭುತವಾಗಿತ್ತು ಕಣ್ರೀ, ಎದೆಗೆ ಗುದ್ದಿದ ಹಾಗಿತ್ತು" ಅಂದರು. ಯಾರಿಗೂ ಗೊತ್ತಾಗಲಿಲ್ಲವಲ್ಲ ಅಂತ ಸಮಾಧಾನ, ಗೊತ್ತಾಗಲಿಲ್ಲವಲ್ಲ ಅಂತ ಬೇಜಾರು, ಎರಡೂ. ಮೇಡಂ ಮಾತಾಡದೆ ಹೊರಟುಹೋಗಿದ್ದರು. ಬಸ್ಸಿಗೆ ಹೊತ್ತಾಗಿರಬೇಕು ಅಂದುಕೊಂಡೆ.

ಬುಧವಾರ ಸಂಜೆ ಟೈರಿನಂಗಡಿಯ ಮೇಲಿನ ನಮ್ಮ ರಿಹರ್ಸಲ್ ಕೋಣೆಗೆ ಲಂಬು ಕಾರ್ಯಕ್ರಮದ ರೆಕಾರ್ಡಿಂಗ್ ತಂದಿದ್ದ. ಜನರ ಕಡೆಯ ದೊಡ್ಡ ಸ್ಪೀಕರುಗಳಿಗೆ ಏನು ಹೋಯಿತೋ ಅದನ್ನೇ ನೇರವಾಗಿ ಹಿಡಿದಿಟ್ಟದ್ದಂತೆ. ಅಣ್ಣ ಇನ್ನೂ ಬಂದಿರಲಿಲ್ಲ. ಮೂವರೂ ನೆಲದ ಮೇಲೆ ಕೂತು ಕೇಳಿದೆವು. ಮೂರನೆಯ ಹಾಡು ಶುರುವಾಯಿತು. ಆ ಎರಡು ಸಾಲು ಬರುತ್ತವೆ, ಬಾಸ್ ಇರುವುದಿಲ್ಲ, ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ಏನು ಹೇಳಬೇಕು ಅಂತ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ. ಎಲ್ಲರೂ ನಿಂತರು. ಮತ್ತೆ ಶುರುವಾಯಿತು.

ಬಾಸ್ ಇತ್ತು.

ಧಂ-ತಕ, ಧಂ-ತಕ ಅಂತ ಒಂದು ಹೆಜ್ಜೆ ತಪ್ಪದೆ ಹೋಗುತ್ತಿತ್ತು. ಗುಡುಗಿನ ಎರಡೂ ಸಾಲಿನ ಕೆಳಗೆ ತುಂಬಿಕೊಂಡು ಹೋಗುತ್ತಿತ್ತು. ನಾನು ನನ್ನ ಕೈ ನೋಡಿಕೊಂಡೆ. ನಿಜವಾಗಿ, ಹುಚ್ಚಿಯ ಹಾಗೆ, ಅಂಗೈ ತಿರುಗಿಸಿ ನೋಡಿಕೊಂಡೆ.

"ನೋಡ್ದ್ಯಾ, ಇಲ್ಲಿ ಎಂಥಾ ಹಿಡಿತ!" ಅಂತ ಲಂಬು ನನ್ನ ತಲೆಗೆ ಮೊಟಕಿದ.

"ಇನ್ನೊಂದ್ಸಲ ಹಾಕು" ಅಂದೆ. ಹಾಕಿದ. ಈ ಸಲ ನಿಲ್ಲುವ ಜಾಗವನ್ನು ಕೇಳಿದೆ. ಎಲ್ಲರೂ ನಿಂತಮೇಲೂ, ಅಡಿಯಲ್ಲಿ, ತೆಳ್ಳಗೆ, ದಪ್ಪ ತಂತಿ ಒಂದು ಗಳಿಗೆ ಗುಂಯ್ ಅನ್ನುತ್ತಿತ್ತು. ಆ ಗಳಿಗೆಯಲ್ಲಿ ನನ್ನ ಕೈ ಹಾರಿರಲಿಲ್ಲ ಅಕ್ಕಾ. ನಾನು ಹೆದರಿ ತಂತಿಗಳನ್ನು ಅಪ್ಪಿಕೊಂಡಿದ್ದೆ. ಅದು ನಿನ್ನ ಕೈ.

"ಇದು ನಾನಲ್ಲ, ಅಕ್ಕ" ಅಂದೆ. ಮೆಲ್ಲಗೆ ಅಂದೆನೋ ಏನೋ, ಗುಡುಗು "ಏನು?" ಅಂತ ಬಗ್ಗಿದ. ಅವನೇ ಬಗ್ಗಿ ಕೇಳಬೇಕಾಗಿ ಬಂತು ಅಂದರೆ ನೋಡು. ಅಷ್ಟರಲ್ಲಿ ಅಣ್ಣ ಬಂದ. ಬಾಗಿಲಲ್ಲೇ ನನ್ನ ಮುಖ ನೋಡಿ, ಸ್ಪೀಕರ್ ನೋಡಿ, ಕೈಯಲ್ಲಿದ್ದ ಡ್ರಮ್ ಕಡ್ಡಿಗಳನ್ನು ಚೀಲಕ್ಕೆ ವಾಪಸ್ಸು ಹಾಕಿದ.

ಅವನು ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ಡ್ರಮ್ಮಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದನಂತೆ. ಅವನ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ, ಅದಕ್ಕೆ ಸರಿಯಾಗಿ ಅವನು ಬಾರಿಸುವುದು, ಅದೇ ತಾಳಕ್ಕೆ ನಿನ್ನ ಬಾಸ್ ಲ್ಯಾಪ್‌ಟಾಪಿನಿಂದ ಜನರ ಕಡೆಗೆ. ನನ್ನ ಬಾಸ್ ನನ್ನ ಬೆನ್ನ ಹಿಂದಿನ ಆಂಪ್ಲಿಫೈಯರ್ ಪೆಟ್ಟಿಗೆಗೆ ಮಾತ್ರ. ಅಷ್ಟು ಹತ್ತಿರದಿಂದ ನನಗೆ ನನ್ನದೇ ಕೇಳಿಸುತ್ತಿತ್ತು. ಕೈ ನಿಂತಾಗ ಗಾಬರಿಗೆ ಕಿವಿಯೂ ನಿಂತಿತ್ತು. ಕಿವಿ ಕಾಪಾಡಿಕೊಳ್ಳಲು ಹೆಡ್‌ಫೋನ್ ಹಾಕಿದ್ದಾನೆ ಅಂದುಕೊಂಡಿದ್ದೆ ನಾನು.

"ಹಂಗಾದ್ರೆ ನಂದು?" ಅಂದ ಲಂಬು. ಅವನ ಬಾಯಿ ತೆರೆದೇ ಇತ್ತು. "ನಂದು ನಾನೇ ನುಡಿಸಿದ್ನಾ?"

"ನಿಂದು ನೀನೇ ಕಣೋ ಕೋತಿ. ಅಷ್ಟೊಂದು ತಪ್ಪು ಇನ್ಯಾರು ನುಡಿಸ್ತಾರೆ" ಅಂದ ಅಣ್ಣ.

ಆಮೇಲೆ ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. "ಪುಟ್ಟಿ, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಅಷ್ಟು ಜನದ ಮುಂದೆ ತಪ್ಪಿದ್ರೆ ನೀನು ಕುಗ್ಗಿಹೋಗ್ತಿದ್ದೆ. ಮತ್ತೆ ಬಾಸ್ ಮುಟ್ತಿದ್ಯಾ ನೀನು? ಕಾಲೇಜಲ್ಲಿ ಒಂದ್ಸಲ ವೇದಿಕೆ ಮೇಲೆ ಮಾತು ಮರೆತು ಬಂದವಳು, ಹದಿನೈದು ದಿನ ರೂಮಿಂದ ಹೊರಗೆ ಬರಲಿಲ್ಲ. ಅಕ್ಕಂದು ಹಳೇ ರೆಕಾರ್ಡಿಂಗ್ ಇತ್ತು, ಹಾಕ್ದೆ. ನೀನು ತಪ್ಪದೇ ಇದ್ರೂ ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ತಪ್ಪಿದೆ" ಅಂದೆ.

"ಅದೇ ನೋಡು ಮತ್ತೆ!" ಅಂದ, ತಾನು ಗೆದ್ದವನ ಹಾಗೆ. ಅದೇ ಉಸಿರಿನಲ್ಲಿ ಅವನ ಮುಖ ಬಾಡಿತು.

ನಾನು ಕೂಗಾಡಲಿಲ್ಲ. ಕೂಗಾಡಲು ಬರುವುದಿಲ್ಲ ಅಂತ ನಿನಗೆ ಗೊತ್ತು. ಬಾಸನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದೆ. ಟೈರಿನಂಗಡಿಯವರು ಗಾಳಿ ತುಂಬುತ್ತಾ "ಏನಮ್ಮ, ಇವತ್ತು ಸದ್ದೇ ಇಲ್ಲ?" ಅಂದರು.

ನಿನ್ನೆ ಪಾಠಕ್ಕೆ ಹೋದೆ. ಮೇಡಂ ಬಾಗಿಲು ಪೂರ್ತಿ ತೆರೆಯಲಿಲ್ಲ. "ಕೈ ನಿಂತಿತ್ತು, ಬಾಸ್ ನಿಲ್ಲಲಿಲ್ಲ. ನೀನಾಗೇ ಬಂದು ಹೇಳ್ತೀಯ ಅಂತ ಕಾದೆ" ಅಂದರು. ನನಗೂ ಗೊತ್ತಿರಲಿಲ್ಲ ಅಂತ ಹೇಳಿದೆ. ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿ ನೋಡಿದರು. "ನಿಂಗೂ ಗೊತ್ತಿರ್ಲಿಲ್ವಾ?" ಅಂತ ಮತ್ತೆ ಕೇಳಿದರು. ಆಮೇಲೆ ಬಾಗಿಲು ತೆರೆದು, ನೀರು ಕೊಟ್ಟು, "ನೀನೂ ಸೇರ್ಕೊಂಡು ನಾಟಕ ಆಡ್ತಿದ್ದೀಯ ಅಂದ್ಕೊಂಡೆ ಕಣೇ. ಈ ವಾರವೆಲ್ಲ ನಿನ್ನ ಬೈಕೊಂಡಿದ್ದೇ ಆಯ್ತು" ಅಂದರು. ಅಂದರೆ ನೋಡು, ನಿಜ ಗುರುತಿಸಿದ ಒಬ್ಬರೇ ಒಬ್ಬರ ಕಣ್ಣಿನಲ್ಲೂ ನಾನು ಕಳ್ಳಿಯಾಗಿದ್ದೆ. ಎರಡು ಸಾಲು ಬಿಟ್ಟವಳು ಅಂತ ಆಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಅಣ್ಣ ನಿನ್ನನ್ನೂ ಕೇಳದೆ ನೀನು ನುಡಿಸಿದ್ದನ್ನು ಬಳಸಿಕೊಂಡಿದ್ದಾನೆ. ನೀನಾದರೂ ಅವನಿಗೆ ಎರಡು ಮಾತು ಹೇಳು. ನಾನು ಹೇಳಿದರೆ ಅವನಿಗೆ ನನ್ನ ಮೇಲೆ ಕನಿಕರ ಬರುತ್ತದೆ, ನೀನು ಹೇಳಿದರೆ ಹೆದರುತ್ತಾನೆ. ನಿನ್ನಷ್ಟು ಚೆನ್ನಾಗಿ ನುಡಿಸಲು ನನಗೆ ಇನ್ನೂ ಎಷ್ಟೋ ಕಾಲ ಬೇಕು ಅಂತ ನನಗೇ ಗೊತ್ತಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಎಕ್ಸ್-ರೇ ಕೋಣೆಯಲ್ಲಿ ಆ ಸೀಸದ ಅಂಗಿ ಭಾರ ಅಂತ ಹಾಕಿಕೊಳ್ಳದೆ ಇರಬೇಡ. ನಿನ್ನ ಬೆನ್ನು, ನಿನ್ನ ಕೈ ಎರಡೂ ಗಟ್ಟಿಯಾಗಿರಲಿ, ರಜೆ ಸಿಕ್ಕ ತಕ್ಷಣ ನೀನು ನಮ್ಮ ಕಣ್ಣೆದುರು ಇರುವ ಹಾಗಾಗಲಿ ಅಂತ ಹಾರೈಸುತ್ತಾ,

ನಿನ್ನ ತಂಗಿ,
ಪುಟ್ಟಿ

ಮ.ಸೂ.: ಕಾಗದ ಮಡಚುತ್ತಿದ್ದೆ. ಅಮ್ಮ ಬಟ್ಟೆ ಮಡಚಿಡಲು ಬಂದು ಮಂಚದ ಮೇಲೆ ಕೂತಳು. ಮಧ್ಯಾಹ್ನ ಊಟಕ್ಕೆ ಬಂದಾಗ ಅಣ್ಣ ಅವಳಿಗೆ ಬುಧವಾರದ್ದೆಲ್ಲ ಹೇಳಿದ್ದನಂತೆ. "ಅಣ್ಣನ ಮೇಲೆ ಮುನಿಸ್ಕೋಬೇಡ ಕಣೇ, ಬೆಳಿಗ್ಗೆ ಅವನ ಮುಖ ನೋಡೋಕಾಗಲಿಲ್ಲ. ಅವನೊಬ್ಬನದೇ ಯೋಚನೆಯಲ್ಲ ಅದು. ಪಾಪ, ನಿನ್ನಕ್ಕ ನಿಂಗೆ ಕಾಗದ ಹಾಕಿದ ವಾರವೇ ಡ್ಯೂಟಿ ಮುಗಿಸ್ಕೊಂಡು ಬಂದು ಕೂತು, ಎಲ್ಲಾ ಹಾಡನ್ನೂ ಹೊಸದಾಗಿ ನುಡಿಸಿ ಕಳಿಸಿದ್ಲು. ನಿನ್ನ ಮೇಲೆ ಅಷ್ಟು ಪ್ರೀತಿ ಅವಳಿಗೆ" ಅಂದಳು. ನನಗೆ ಖುಷಿಯಾಗಲಿ ಅಂತ ಹೇಳಿದ್ದು. ನನ್ನ ಮುಖ ನೋಡಿ ಇನ್ನಷ್ಟು ಸಮಾಧಾನ ಮಾಡಲು ಹೋದಳು: "ಪುಟ್ಟಿಗೆ ಗೊತ್ತಾದ್ರೆ ಅಂತ ನಾನೇ ಕೇಳ್ದೆ. 'ಅವಳಿಗೆಲ್ಲಿ ಗೊತ್ತಾಗುತ್ತಮ್ಮ, ಅವಳು ತನ್ನ ಲೋಕದಲ್ಲಿರ್ತಾಳೆ' ಅಂದ್ಲು."

ಆ ಮೂರನೆಯ ಹಾಡು ನೀನು ಊರು ಬಿಟ್ಟಮೇಲೆ ನಾವು ಕಟ್ಟಿದ್ದು ಅಕ್ಕಾ. ಅದರ ಹಳೆಯ ರೆಕಾರ್ಡಿಂಗ್ ಇರಲು ಸಾಧ್ಯವೇ ಇಲ್ಲ. ಇದು ನನಗೆ ಬುಧವಾರವೇ ಹೊಳೆದಿತ್ತು. ಹೊಳೆದದ್ದನ್ನು ಅಂದಿನಿಂದ ದೂಡುತ್ತಾ, ದೂಡುತ್ತಾ, ಇಷ್ಟುದ್ದದ ಕಾಗದ ಬರೆದೆ. ನೀನು "ಏನೇನು ಕಲಿತೆ, ಮೊದಲಿಂದ ಬರಿ" ಅಂತ ಬರೆದದ್ದೂ, ನನ್ನ ಬದಲಿಗೆ ನುಡಿಸಿ ಕಳಿಸಿದ್ದೂ ಒಂದೇ ವಾರದಲ್ಲಿ. ನಾನು ತಪ್ಪುತ್ತೇನೆ ಅಂದುಕೊಂಡೆಯಲ್ಲ, ಅದಕ್ಕೆ ಬೇಜಾರಿಲ್ಲ, ತಪ್ಪಿದೆ. ನನಗೆ ಗೊತ್ತಾಗುವುದಿಲ್ಲ ಅಂದೆಯಲ್ಲ. ನೀನು ಕೋಣೆಗೆ ಬಂದರೆ ಹೆಜ್ಜೆಯಲ್ಲೇ ನಿನ್ನ ಮನಸ್ಸು ಹೇಗಿದೆ ಅಂತ ತಿಳಿಯುತ್ತಿದ್ದವಳು ನಾನು. ಅದು ಇಷ್ಟು ವರ್ಷದಲ್ಲಿ ನಿನಗೇ ಗೊತ್ತಾಗಲಿಲ್ಲವಾ?

ಬೈದು ಬರೆಯಬೇಡ, ಅತ್ತು ಬರೆಯಬೇಡ. ನಾನು ಬ್ಯಾಂಡ್ ಬಿಡುವುದಿಲ್ಲ. ಗುಡುಗಿಗೆ ಮೇಲಿನ ಸ್ವರಗಳು ಹತ್ತುತ್ತಿಲ್ಲ, ಎಲ್ಲ ಹಾಡನ್ನೂ ಒಂದು ಸ್ವರ ಇಳಿಸಿ ಅಂತ ತುಂಬ ದಿನದಿಂದ ಬೇಡುತ್ತಿದ್ದಾನೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಮ್ಮ ಎದ್ದುಹೋದಮೇಲೆ ಬಾಸ್ ತೆಗೆದು ನಾಲ್ಕೂ ತಂತಿಗಳನ್ನು ಒಂದು ಸ್ವರ ಇಳಿಸಿದೆ. ಲಂಬುವೂ ಇಳಿಸುತ್ತಾನೆ, ಗುಡುಗಿನ ಜೊತೆ ನಾನೂ ಸೇರಿ ಕೇಳಿದರೆ ಅವನು ಇಲ್ಲ ಅನ್ನುವುದಿಲ್ಲ. ಇನ್ನು ಮೇಲೆ ನೀನು ಕಳಿಸಿದ್ದನ್ನು ನಮ್ಮ ಹಾಡಿನ ಕೆಳಗೆ ಹಾಕಿದರೆ ಅಪಸ್ವರ. ಕಂಪ್ಯೂಟರಿನಲ್ಲಿ ಅದನ್ನೂ ಇಳಿಸಲು ಬರುತ್ತದೆ, ಅಣ್ಣನಿಗೆ ಗೊತ್ತು. ಇಳಿಸಬೇಕಾದರೆ ಮಾತ್ರ ಈ ಸಲ ನನ್ನ ಮುಖ ನೋಡಿಕೊಂಡೇ ಇಳಿಸಬೇಕು. ಮುಂದಿನ ಕಾರ್ಯಕ್ರಮದಲ್ಲಿ ನನ್ನ ಕೈ ನಿಂತರೆ, ನಿಂತದ್ದು ಎಲ್ಲರಿಗೂ ಕೇಳಿಸುತ್ತದೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ.